ತೂತುಗೋಡೆಯ ಗಾಳಿ

ನಮ್ಮ ಮನೆಯ ಪಶ್ಚಿಮದ ಕಿಟಕಿ ಅರ್ಧ ಮಾತ್ರ ತೆರೆದುಕೊಳ್ಳುತ್ತದೆ. ಕೊಂಡಿ ಕಿತ್ತುಹೋಗಿ ಎಷ್ಟೋ ವರ್ಷವಾಯಿತು. ಪೂರ್ತಿ ತೆಗೆದರೆ ಗಾಳಿಗೆ ಬಡಿದುಕೊಳ್ಳುತ್ತದೆ. ಅರ್ಧಕ್ಕೆ ನಿಲ್ಲಲಿ ಎಂದು ಅದರ ಕೆಳಗೆ ಒಂದು ಮರದ ಚೂರು ಸಿಗಿಸಿದೆ. ನೋಡಿದವರು ಕಸ ಅಂದುಕೊಳ್ಳುತ್ತಾರೆ. ಅದು ಸೀಮೆಸುಣ್ಣದ ಪೆಟ್ಟಿಗೆಯ ಮುಚ್ಚಳ.

ಹಿಂದೆ ಸೀಮೆಸುಣ್ಣ ಮರದ ಪೆಟ್ಟಿಗೆಯಲ್ಲಿ ಬರುತ್ತಿತ್ತು. ನಿಮಗೂ ನೆನಪಿರಬಹುದು. ಮುಚ್ಚಳವನ್ನು ಜಾರಿಸಿ ತೆಗೆದರೆ ಒಳಗೆ ಮರದ ಹೊಟ್ಟು, ಹೊಟ್ಟಿನೊಳಗೆ ಮೊಟ್ಟೆ ಇಟ್ಟ ಹಾಗೆ ಬಿಳಿ ಕಡ್ಡಿಗಳು. ಕಡ್ಡಿ ಮುಗಿದ ಮೇಲೆ ಪೆಟ್ಟಿಗೆಯನ್ನು ಮೇಷ್ಟ್ರುಗಳು ಮನೆಗೆ ಒಯ್ಯುತ್ತಿದ್ದರು, ಮೊಳೆ ಹಾಕಿಡಲು. ಮುಚ್ಚಳ ಯಾರಿಗೂ ಬೇಡ. ಅದು ನನ್ನ ಹೆಂಡತಿ ಭಾಗ್ಯಳಿಗೆ ಬೇಕಾಗಿತ್ತು.

ಭಾಗ್ಯ ಹೋಗಿ ಈ ಸೋಮವಾರಕ್ಕೆ ಹದಿನೈದು ದಿನ. ಅವಳ ಫೋಟೋದ ಮುಂದೆ ಹಚ್ಚಿದ ದೀಪ ಹನ್ನೊಂದು ದಿನ ಆರಬಾರದು ಎಂದು ಹಿರಿಯರು ಹೇಳಿದ್ದರು. ಆರಬಾರದು ಅಂದರೆ ಗಾಳಿ ಬರಬಾರದು. ನಾನು ಕಿಟಕಿಗಳನ್ನೆಲ್ಲ ಮುಚ್ಚಿದೆ, ಬಾಗಿಲ ಕೆಳಗೆ ಗೋಣಿಚೀಲ ಒತ್ತಿದೆ. ತಿಥಿ ಮುಗಿಯಿತು, ಬಂದವರು ಹೊರಟರು, ಮಗಳು ಗಂಡನ ಮನೆಗೆ ಹೋದಳು. ಕಿಟಕಿ ತೆಗೆಯಬೇಕೆಂದು ನನಗೆ ಹೊಳೆಯಲೇ ಇಲ್ಲ. ಆಮೇಲೆ ಒಂದು ಬೆಳಿಗ್ಗೆ ಕೆಳಗಿನ ಮನೆಯ ಓನರಮ್ಮ ಇಡ್ಲಿ ತಂದವರು ಬಾಗಿಲಲ್ಲೇ ನಿಂತು ಸೆರಗನ್ನು ಮೂಗಿಗೆ ಒತ್ತಿಕೊಂಡರು.

"ಏನಣ್ಣ ಇದು, ಒಳ್ಳೆ ರೇಷನ್ ಗೋಡೌನ್ ಬಾಗ್ಲು ತೆಗ್ದಂಗಾಯ್ತು! ಭಾಗ್ಯಕ್ಕ ಇದ್ದಿದ್ರೆ ಮೊದ್ಲು ನಿಮ್ಮನ್ನೇ ಕಿಟಕಿಯಿಂದ ಆಚೆ ಹಾಕೋರು."

ನಿಜ. ಎದ್ದು ಮೊದಲು ಕೈಗೆ ಸಿಕ್ಕ ಪೂರ್ವದ ಕಿಟಕಿ ತೆಗೆದೆ. ಆಮೇಲೆ ಅಡುಗೆಮನೆಯದು. ಪಶ್ಚಿಮದ್ದನ್ನು ತೆಗೆದ ತಕ್ಷಣ ಅದು ಕೈಯಿಂದ ಕಿತ್ತುಕೊಂಡು ಗೋಡೆಗೆ ಬಡಿಯಿತು, ಕ್ಯಾಲೆಂಡರ್ ಬಿತ್ತು, ದೀಪ ಆರಿತು. ಓನರಮ್ಮ ಇಡ್ಲಿ ಡಬ್ಬಿಯನ್ನು ಎದೆಗವಚಿಕೊಂಡು, "ಅಯ್ಯೋ, ಆ ಮುಚ್ಚಳ ಮೊದ್ಲು ಇಡ್ಬೇಕು ಕಣಣ್ಣ, ಅಕ್ಕ ಹಂಗೇ ಮಾಡ್ತಿದ್ದಿದ್ದು" ಅಂದರು. ಇಪ್ಪತ್ತೆಂಟು ವರ್ಷ ಒಟ್ಟಿಗೆ ಬಾಳಿದ ಹೆಂಗಸು ಬೆಳಿಗ್ಗೆ ಎದ್ದು ಕಿಟಕಿಗಳನ್ನು ಯಾವ ಕ್ರಮದಲ್ಲಿ ತೆಗೆಯುತ್ತಿದ್ದಳು ಎನ್ನುವುದು ಕೆಳಗಿನ ಮನೆಯವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ನಾವಿಬ್ಬರೂ ಒಂದೇ ಕಾಲೇಜಿನಲ್ಲಿ ಕೆಲಸ ಮಾಡಿದವರು. ಪುಟ್ಟೇನಹಳ್ಳಿ ಕೆರೆಯ ಮೂಡಣ ದಿಕ್ಕಿಗಿದ್ದ ಇಂಜಿನಿಯರಿಂಗ್ ಕಾಲೇಜು ಅದು. ನಾನು ಸಿವಿಲ್ ವಿಭಾಗದ ಲ್ಯಾಬ್ ಅಟೆಂಡರ್, ಎಸ್ಸೆಸ್ಸೆಲ್ಸಿ ಪಾಸು. ಅವಳು ಹಳೇ ಕಟ್ಟಡದ ಕಸ ಗುಡಿಸುವ ಕೆಲಸದವಳು, ಐದನೇ ಕ್ಲಾಸು. ಬೆಳಿಗ್ಗೆ ಆರಕ್ಕೆ ಅವಳು ಪದ್ಮನಾಭನಗರದಿಂದ ಬಸ್ಸು ಹತ್ತಿದರೆ ನಾನು ಏಳೂವರೆಗೆ ಹತ್ತುತ್ತಿದ್ದೆ. ಸಂಜೆ ಮಾತ್ರ ಒಟ್ಟಿಗೆ, ಅದೂ ಕಾಲೇಜಿನ ಗೇಟು ದಾಟಿದ ಮೇಲೆ. ಕ್ಯಾಂಪಸ್ಸಿನೊಳಗೆ ನಾವು ಮಾತಾಡುತ್ತಿರಲಿಲ್ಲ. ಜಗಳವಿರಲಿಲ್ಲ. ಅದು ನಾನು ಮಾಡಿದ ಪದ್ಧತಿ. ಅಟೆಂಡರ್ ಅಂದರೆ ಬಿಳಿ ಶರ್ಟು, ಜೇಬಿನಲ್ಲಿ ಪೆನ್ನು. ಪೊರಕೆ ಹಿಡಿದವಳು ಬಂದು "ರೀ" ಅಂದರೆ ಹುಡುಗರು ಏನಂದುಕೊಳ್ಳುತ್ತಾರೆ? ಮದುವೆಯಾದ ಹೊಸದರಲ್ಲಿ ಒಮ್ಮೆ ಹೇಳಿದ್ದೆ. ಎರಡನೇ ಸಲ ಹೇಳುವ ಅಗತ್ಯ ಬರಲಿಲ್ಲ. ಮಧ್ಯಾಹ್ನ ನಾನು ಕ್ಯಾಂಟೀನಿನಲ್ಲಿ ಉಳಿದ ಅಟೆಂಡರುಗಳ ಜೊತೆ ಅವಳೇ ಕಟ್ಟಿಕೊಟ್ಟ ಬುತ್ತಿ ಉಣ್ಣುತ್ತಿದ್ದೆ. ಅವಳು ಎಲ್ಲಿ ಉಣ್ಣುತ್ತಾಳೆ ಎಂದು ಕೇಳಿದವನಲ್ಲ.

ಹಳೇ ಕಟ್ಟಡವನ್ನು ನೀವು ನೋಡಬೇಕಿತ್ತು. ಎರಡು ಅಂತಸ್ತು, ಉದ್ದಕ್ಕೆ ಪೂರ್ವ ಪಶ್ಚಿಮ ಹೋಗುವ ಓಣಿಯಂಥ ಕಾರಿಡಾರು, ಅದರ ಎರಡೂ ಕಡೆ ಕ್ಲಾಸುರೂಮು. ಪ್ರತಿ ಬಾಗಿಲ ಮೇಲೂ ಹಗ್ಗ ಎಳೆದು ತೆಗೆಯುವ ಗವಾಕ್ಷಿ. ಮೇಲಿನ ಕಾರಿಡಾರಿನ ಪಶ್ಚಿಮದ ತುದಿಯಲ್ಲಿ ನೆಲದಿಂದ ಸೂರಿನವರೆಗೆ ಒಂದು ತೂತುಗೋಡೆ. ಇಟ್ಟಿಗೆಗಳ ನಡುವೆ ಜಾಗ ಬಿಟ್ಟು ಕಟ್ಟಿದ ಆ ಜಾಲರಿಯ ಆಚೆ ಬಯಲು, ಬಯಲಿನ ಆಚೆ ಕೆರೆ. ಕೆರೆಯ ಮೇಲಿಂದ ಬಂದ ಗಾಳಿ ಆ ತೂತುಗಳಲ್ಲಿ ನುಗ್ಗಿ, ಕಾರಿಡಾರಿನಲ್ಲಿ ಓಡಿ, ಗವಾಕ್ಷಿಗಳಿಂದ ಕ್ಲಾಸಿಗೆ ಇಳಿದು, ಕಿಟಕಿಯಿಂದ ಹೊರಗೆ ಹೋಗುತ್ತಿತ್ತು. ಹೀಗೆ ನಾನು ಬರೆಯುತ್ತಿರುವುದು ನನ್ನ ತಿಳಿವಳಿಕೆಯಲ್ಲ, ಭಾಗ್ಯ ಹೇಳುತ್ತಿದ್ದದ್ದು.

ಅವಳು ಅದೇ ಕೆರೆಯ ಪಕ್ಕದ ಹಳ್ಳಿಯವಳು. ಅವರಪ್ಪನ ಕಣ ಕಾಲೇಜಿನ ಕಾಂಪೌಂಡಿಗೆ ಕೂಗಳತೆ ದೂರದಲ್ಲಿತ್ತಂತೆ. ರಾಗಿ ತೂರುವಾಗ ಗಾಳಿ ಯಾವ ಹೊತ್ತಿಗೆ ಏಳುತ್ತದೆ, ಯಾವಾಗ ಕೈಕೊಡುತ್ತದೆ ಎಂದು ಮೊರ ಹಿಡಿದು ಕಾದು ಕಲಿತವಳು. ಆ ವಿದ್ಯೆಯನ್ನು ಅವಳು ಕ್ಲಾಸುರೂಮಿಗೆ ತಂದಿದ್ದಳು. ಆಷಾಢದಲ್ಲಿ ಗವಾಕ್ಷಿ ಪೂರ್ತಿ, ಕಿಟಕಿ ಅರ್ಧ. ಇಲ್ಲದಿದ್ದರೆ ಡ್ರಾಯಿಂಗ್ ಶೀಟುಗಳು ಹಾರುತ್ತವೆ. ಮಾಘದಲ್ಲಿ ಗಾಳಿ ತಿರುಗಿ ಮೂಡಣದಿಂದ ಬರುತ್ತದೆ, ಆಗ ಇನ್ನೊಂದು ಲೆಕ್ಕ. ಅರ್ಧಕ್ಕೆ ನಿಲ್ಲಿಸಲು ಸೀಮೆಸುಣ್ಣದ ಪೆಟ್ಟಿಗೆಯ ಮುಚ್ಚಳ. ಸೊಂಟದಲ್ಲಿ ಆರೇಳು ಮುಚ್ಚಳ ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ಕೆಲವು ಮೇಷ್ಟ್ರುಗಳು ಪಾಠದ ನಡುವೆ ಬಾಗಿಲಿಗೆ ಬಂದು, "ಭಾಗ್ಯಮ್ಮ, ನಮ್ಮ ರೂಮು ಸ್ವಲ್ಪ ನೋಡಮ್ಮ" ಎಂದು ಕೂಗುತ್ತಿದ್ದರು. ನಾನು ಇದನ್ನು ದೂರದಿಂದ ಕೇಳಿ, ಕಿಟಕಿ ತೆಗೆಯುವುದೂ ಒಂದು ವಿದ್ಯೆಯೇ ಎಂದು ನಗುತ್ತಿದ್ದೆ.

ನಗಲು ನನಗೆ ಯೋಗ್ಯತೆ ಇರಲಿಲ್ಲ. ಚಿಕ್ಕಂದಿನಲ್ಲಿ ನಮ್ಮೂರಿನಲ್ಲಿ ಆಷಾಢ ಬಂದರೆ ಹುಡುಗರೆಲ್ಲ ಗಾಳಿಪಟ ಹಾರಿಸುವವರು. ನನ್ನ ಪಟ ಒಂದು ವರ್ಷವೂ ಮೇಲೇರಲಿಲ್ಲ. ಅಂಟಿಗೆ ಅನ್ನ ಹಚ್ಚಿ, ಅವ್ವನ ಹಳೇ ಸೀರೆ ಹರಿದು ಬಾಲಂಗೋಚಿ ಕಟ್ಟಿ, ಯಾವ ಕಡೆ ಓಡಬಾರದೋ ಆ ಕಡೆಗೇ ಓಡುತ್ತಿದ್ದೆ. ಪಟ ನನ್ನ ಹಿಂದೆ ನಾಯಿಮರಿಯಂತೆ ನೆಲದ ಮೇಲೆ ಬರುತ್ತಿತ್ತು. "ಲೋ, ಅದಕ್ಕೊಂದು ಹಗ್ಗ ಹಾಕಿ ಮೇಯಿಸ್ಕೊಂಡು ಬಾರೋ" ಎಂದು ಹಿಂದಿನ ಬೀದಿಯವರು ಆಡಿಕೊಂಡರು. ಇಂಥವನ ಕೈಗೆ ಮುಂದೆ ಗಾಳಿ ಅಳೆಯುವ ಯಂತ್ರ ಬಂತು.

ತೊಂಬತ್ತರ ದಶಕದ ಕೊನೆಯ ಹೊತ್ತು. ಎಲ್ಲ ಕಡೆ ಕಂಪ್ಯೂಟರಿನ ಮಾತು. ನಮ್ಮ ಪ್ರಿನ್ಸಿಪಾಲರು ಮೇಲಿನ ಕಾರಿಡಾರಿನ ಪಶ್ಚಿಮದ ತುದಿಯಲ್ಲಿ ಕಂಪ್ಯೂಟರ್ ರೂಮು ಮಾಡಬೇಕು, ಧೂಳು ಬಾರದಂತೆ ತೂತುಗೋಡೆ ಮುಚ್ಚಿಸಬೇಕು ಅಂದರು. ಕಟ್ಟಡಗಳ ಪಾಠ ಮಾಡುತ್ತಿದ್ದ ಪ್ರಸಾದ್ ಎಂಬ ಎಳೆಯ ಮೇಷ್ಟ್ರು ತಡೆದರು. "ಸಾರ್, ಕ್ಲಾಸುಗಳಿಗೆ ಗಾಳಿ ಬರ್ತಿರೋದು ಅಲ್ಲಿಂದಲೇ ಇರ್ಬಹುದು. ಒಂದು ಸಲ ಅಳೆದು ನೋಡೋಣ. ಅಲ್ಲಿಂದ ಅನ್ನೋದಾದ್ರೆ ರೂಮು ಬೇರೆ ಕಡೆ ಮಾಡಿ." ಪರೀಕ್ಷೆ, ರಜೆ ಮುಗಿದು ಕಾಲೇಜು ಮತ್ತೆ ತೆರೆಯುವವರೆಗೆ ಸಮಯ ಸಿಕ್ಕಿತು. ಮೊದಲು ವಿದ್ಯಾರ್ಥಿಗಳೇ ಅಳೆಯಬೇಕಿತ್ತು. ಅವರು ಪರೀಕ್ಷೆಗೆ ಓದಲು ಹೋದರು. ಯಂತ್ರ ನನ್ನ ಕೈಗೆ ಬಂತು. ಮೂರು ಬಟ್ಟಲು ಗಿರಗಿರ ತಿರುಗುವ, ಕೆಳಗೆ ಗಡಿಯಾರದಂಥ ಮುಳ್ಳಿರುವ ಪುಟ್ಟ ವಸ್ತು. ಹುಡುಗರು ಅದನ್ನು ಗಿರಗಿಟ್ಲೆ ಎನ್ನುತ್ತಿದ್ದರು. ಮೂರು ವಾರ, ದಿನಕ್ಕೆ ಮೂರು ಸಲ, ಎಂಟಕ್ಕೆ, ಹನ್ನೆರಡಕ್ಕೆ, ನಾಲ್ಕಕ್ಕೆ, ಮೇಲಿನ ಕಾರಿಡಾರಿನ ಪೂರ್ವದ ತುದಿ, ನಡು, ಪಶ್ಚಿಮದ ತುದಿಯಲ್ಲಿ ಅದನ್ನು ಹಿಡಿದು ಮುಳ್ಳು ತೋರಿಸಿದ್ದನ್ನು ಪುಸ್ತಕದಲ್ಲಿ ಬರೆಯಬೇಕು.

ಆ ಸಂಜೆ ಬಸ್ಸಿನಲ್ಲಿ ಭಾಗ್ಯ ಕೇಳಿದಳು. "ಮಧ್ಯಾಹ್ನ ಹನ್ನೆರಡಕ್ಕೆ ಆ ತೂತುಗೋಡೆ ಹತ್ರಕ್ಕೂ ಬರ್ತೀರಾ?"

"ಬರ್ದೇ ಇರಕ್ಕಾಗುತ್ತಾ? ಡ್ಯೂಟಿ."

"ದಿನಾನೂ?"

"ದಿನಾನೂ ಕಣೇ."

ಅವಳು ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು. ನಗುತ್ತಿದ್ದಳು ಅಂತ ಈಗ ಅನ್ನಿಸುತ್ತದೆ. ಆಗ ನಾನು ನೋಡಲಿಲ್ಲ.

ಮೊದಲ ದಿನ ಬೆಳಿಗ್ಗೆ ಎಂಟಕ್ಕೆ ತೂತುಗೋಡೆಯ ಮುಂದೆ ಯಂತ್ರ ಹಿಡಿದೆ. ಮುಳ್ಳು ಹುಚ್ಚು ಹಿಡಿದಂತೆ ಆಡಿತು. ಒಂದಕ್ಕೆ ಬಂತು, ಆರಕ್ಕೆ ಹಾರಿತು, ಸೊನ್ನೆಗೆ ಬಿತ್ತು, ಮತ್ತೆ ನಾಲ್ಕು. ಬಟ್ಟಲುಗಳು ಒಮ್ಮೆ ಕಾಣದಷ್ಟು ಜೋರು, ಒಮ್ಮೆ ಸತ್ತ ಹಾಗೆ. ಏನು ಬರೆಯುವುದು? ಇಲ್ಲಿ ನನ್ನ ಕಸುಬಿನ ಒಂದು ಗುಟ್ಟು ಹೇಳಬೇಕು. ಹದಿನೈದು ವರ್ಷ ಲ್ಯಾಬಿನಲ್ಲಿ ನಿಂತು ನಾನು ಕಲಿತದ್ದು ಒಂದೇ: ಒಳ್ಳೆಯ ರೀಡಿಂಗ್ ಅಂದರೆ ಒಂದಕ್ಕೊಂದು ಹತ್ತಿರ ಇರುವ ರೀಡಿಂಗ್. ಸಿಮೆಂಟಿನ ಇಟ್ಟಿಗೆ ಒಡೆಯುವ ಪ್ರಯೋಗದಲ್ಲಿ ಮೂರು ಸಂಖ್ಯೆ ಮೂರು ಕಡೆ ಹೋದರೆ ಮೇಷ್ಟ್ರು ಬೈದು ಮತ್ತೆ ಮಾಡಿಸುತ್ತಿದ್ದರು. ಜಾಣ ಹುಡುಗರು ಹೊರಗೆ ಮೆಟ್ಟಿಲ ಮೇಲೆ ಕೂತು ಹತ್ತಿರಹತ್ತಿರದ ಮೂರು ಸಂಖ್ಯೆ ಬರೆದು ತರುತ್ತಿದ್ದರು. ಎಷ್ಟೋ ಸಲ ನಾನೇ ಹೇಳಿಕೊಟ್ಟಿದ್ದೇನೆ. "ಮಗಾ, ಮೂರೂ ಒಂದೇ ಹಾಕ್ಬೇಡ, ಕೊನೇದು ಒಂಚೂರು ಆಚೆ ಈಚೆ ಮಾಡು." ಅವರಿಗೆ ನಾನು ಗುರು.

ಹೀಗಾಗಿ ಆ ಕುಣಿಯುವ ಮುಳ್ಳನ್ನು ಕಂಡು ನನಗೆ ಗಾಳಿ ಇದೆ ಅನ್ನಿಸಲಿಲ್ಲ. ಯಂತ್ರ ಕೆಟ್ಟಿದೆ ಅನ್ನಿಸಿತು. ಕೆಟ್ಟಿದ್ದು ನನ್ನ ಕೈಯಲ್ಲಿ ಎಂದು ಎಲ್ಲಿ ಹೇಳುತ್ತಾರೋ ಎಂಬ ಭಯವೂ ಆಯಿತು. ಸೊನ್ನೆ ಪಾಯಿಂಟ್ ಐದು, ಅಂದರೆ ಗಾಳಿ ಇಲ್ಲವೆನ್ನುವಷ್ಟು, ಎಂದು ಬರೆದು ಕೆಳಗಿಳಿದೆ.

ಹನ್ನೆರಡಕ್ಕೆ ಹೋಗಲಿಲ್ಲ. ಕ್ಯಾಂಟೀನಿನ ಟಿವಿಯಲ್ಲಿ ಕ್ರಿಕೆಟ್ಟಿತ್ತು. ಬುತ್ತಿ ಬಿಚ್ಚಿಕೊಂಡು ಅಲ್ಲೇ ಬರೆದೆ: ಪೂರ್ವ ಪಾಯಿಂಟ್ ಆರು, ನಡು ಪಾಯಿಂಟ್ ಐದು, ಪಶ್ಚಿಮ ಪಾಯಿಂಟ್ ನಾಲ್ಕು. ಮರುದಿನವೂ ಅಲ್ಲೇ. ಮೂರು ವಾರ ಅಲ್ಲೇ. ಕೊನೇ ಸಂಖ್ಯೆಯನ್ನು ಒಂಚೂರು ಆಚೆ ಈಚೆ ಮಾಡುತ್ತ, ಎರಡು ಬಣ್ಣದ ಪೆನ್ನು ಬಳಸಿ, ಒಂದು ಕಡೆ ಹೊಡೆದುಹಾಕಿ ತಿದ್ದಿ. ಪುಸ್ತಕ ಎಷ್ಟು ಚೆಂದ ಕಾಣುತ್ತಿತ್ತು ಅಂದರೆ, ಕೊನೆಕೊನೆಗೆ ನನಗೇ ಅದರಲ್ಲಿ ನಂಬಿಕೆ ಬಂದಿತ್ತು.

ಪ್ರಸಾದ್ ಮೇಷ್ಟ್ರು ನಂಬಿದರು. ನಂಬುವುದಕ್ಕೆ ಅವರಿಗೆ ಕಷ್ಟವಾಯಿತು ಎಂಬುದನ್ನೂ ಹೇಳಬೇಕು. ಪುಟ ತಿರುಗಿಸುತ್ತ, "ನಾನು ಬೇರೇನೇ ಅಂದ್ಕೊಂಡಿದ್ದೆ. ಆದ್ರೆ ಅಳತೆ ಅಳತೆನೇ" ಎಂದು ಮುಖ ಚಿಕ್ಕದು ಮಾಡಿದರು. ಪ್ರಿನ್ಸಿಪಾಲರ ಬಳಿಗೆ ವರದಿ ಒಯ್ಯುವ ದಿನ ಮೇಲಿನ ಕಾರಿಡಾರಿನಲ್ಲಿ ನನ್ನನ್ನೂ ಕರೆದುಕೊಂಡು ಹೊರಟಿದ್ದರು. ಭಾಗ್ಯ ಪೊರಕೆ ಗೋಡೆಗೆ ಒರಗಿಸಿ ಎದುರಿಗೆ ಬಂದು ನಿಂತಳು. ನನ್ನ ಪದ್ಧತಿ ಮುರಿಯದೆ, ನನ್ನನ್ನು ಬಿಟ್ಟು ಅವರನ್ನೇ ನೋಡಿ ಮಾತಾಡಿದಳು.

"ಸಾರ್, ಆ ಗೋಡೆ ಮುಚ್ಸ್ತಾರಂತಲ್ಲ. ಬೇಡ ಸಾರ್. ಈ ಕಟ್ಟಡದ ಮೂಗೇ ಅದು. ಮುಚ್ಚಿದ್ರೆ ಮಕ್ಕಳು ಬೆಂದು ಹೋಗ್ತಾರೆ."

ಮೇಷ್ಟ್ರು ನೊಂದುಕೊಂಡೇ ಹೇಳಿದರು. "ನನಗೂ ಹಾಗೇ ಅನ್ಸಿತ್ತಮ್ಮ. ಮೂರು ವಾರ ಅಳೆಸಿದ್ದೀವಿ. ಅಲ್ಲಿಂದ ಗಾಳಿನೇ ಇಲ್ಲ. ನೋಡಿ, ಇವ್ರೇ ಬರೆದಿರೋದು."

ಭಾಗ್ಯ ನನ್ನ ಕಡೆ ತಿರುಗಿದಳು. ಕಾಲೇಜಿನೊಳಗೆ ಅವಳು ನನ್ನನ್ನು ನೇರವಾಗಿ ನೋಡಿದ್ದು ಅದೊಂದೇ ಸಲ ಇರಬೇಕು. ತೂತುಗೋಡೆಯಿಂದ ಬಂದ ಗಾಳಿಗೆ ಅವಳ ಸೆರಗು ಪಟಪಟ ಬಡಿಯುತ್ತಿತ್ತು. ಅದನ್ನು ಯಾರೂ ಗಮನಿಸಲಿಲ್ಲ. ವರದಿ ಮುಗಿದಿತ್ತಲ್ಲ.

"ಇವ್ರೇ ಬರೆದಿದ್ದಾ? ದಿನಾ ಹನ್ನೆರಡಕ್ಕೂ?"

"ದಿನಾನೂ. ಒಂದು ದಿನ ತಪ್ಪಿಸಿಲ್ಲ ಪಾಪ."

ನಾನು ನನ್ನ ಚಪ್ಪಲಿಯನ್ನು ನೋಡುತ್ತಿದ್ದೆ. ಎಡಗಾಲಿನದರ ಉಂಗುಷ್ಠದ ಪಟ್ಟಿ ಸಡಿಲವಾಗಿತ್ತು.

"ಹಾಗಾದ್ರೆ ಸರಿ ಬಿಡಿ ಸಾರ್. ಓದಿಲ್ಲದೋಳು, ನನಗೇನು ಗೊತ್ತು."

ಪೊರಕೆ ಎತ್ತಿಕೊಂಡು ಹೋದಳು. ನನ್ನ ಅಳತೆಯ ಮುಂದೆ ಅವಳ ಮಾತು ಸೋತಿತು, ಅವಳು ನನ್ನ ಸಂಖ್ಯೆಯನ್ನು ನಂಬಿದಳು ಎಂದುಕೊಂಡು ನಾನು ಉಸಿರು ಬಿಟ್ಟೆ.

ವಾರದೊಳಗೆ ಗೋಡೆ ಮುಚ್ಚಿತು. ಮುಂದಿನ ಬೇಸಗೆಯಲ್ಲಿ ಮೇಲಿನ ಕ್ಲಾಸುಗಳು ಒಲೆಯಾದವು. ಫ್ಯಾನು ಬಂದವು, ಬಿಸಿ ಗಾಳಿಯನ್ನೇ ತಿರುಗಿಸಿದವು. ಗುಡಿಸಿದ ಧೂಳು ಹೊರಗೆ ಹೋಗದೆ ಬೆಂಚಿನ ಮೇಲೆ ಮತ್ತೆ ಕೂರುತ್ತಿತ್ತು, ಅವಳು ಎರಡು ಸಲ ಗುಡಿಸುತ್ತಿದ್ದಳು, ಕೆಮ್ಮುತ್ತಿದ್ದಳು. ಅವಳ ಕೊನೆಯ ಕಾಯಿಲೆಗೂ ಆ ಧೂಳಿಗೂ ಸಂಬಂಧವಿಲ್ಲ. ಆಸ್ಪತ್ರೆಯಲ್ಲಿ ಕೇಳಿದ್ದೇನೆ, ಕಿಡ್ನಿಯದು ಅಂದರು. ಯಾಕೆ ಕೇಳುತ್ತಿದ್ದೀರಿ ಎಂದು ಡಾಕ್ಟರು ಕೇಳಿದಾಗ ಸುಮ್ಮನೆ ಅಂದೆ.

ವರದಿಯ ಕೊನೆಯ ಪುಟದಲ್ಲಿ ಪ್ರಸಾದ್ ಮೇಷ್ಟ್ರು ನನ್ನ ಹೆಸರು ಹಾಕಿ ವಂದನೆ ಹೇಳಿದ್ದರು. ನನ್ನ ಹೆಸರು ಅಚ್ಚಾದದ್ದು ಅದೊಂದೇ ಕಡೆ. ಒಂದು ಪ್ರತಿ ಕೇಳಿ ತಂದು ಬೀದಿಯವರಿಗೆಲ್ಲ ತೋರಿಸಿದೆ. ಭಾಗ್ಯ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರಂಕಿನಲ್ಲಿ ತನ್ನ ಧಾರೆ ಸೀರೆಯ ಕೆಳಗೆ ಇಟ್ಟಳು. ಅಂದಿನಿಂದ ಗಾಳಿಯ ಮಾತು ಬಂದರೆ "ನೀವೇ ಹೇಳಿ" ಅನ್ನುತ್ತಿದ್ದಳು. ಗಂಡನಿಗೆ ಕೊಡುವ ಮರ್ಯಾದೆ ಎಂದುಕೊಂಡೆ. ಇಷ್ಟು ವರ್ಷ ಹಾಗೆಯೇ ಅಂದುಕೊಂಡೆ.

ಹನ್ನೊಂದನೆಯ ದಿನದ ಊಟಕ್ಕೆ ಗೌರಮ್ಮ ಬಂದಿದ್ದರು. ಅದೇ ಕಟ್ಟಡದಲ್ಲಿ ಭಾಗ್ಯಳ ಜೊತೆ ಗುಡಿಸುತ್ತಿದ್ದವರು. ಉಂಡು ಕೈತೊಳೆದು, ಮುಚ್ಚಿದ ಪಶ್ಚಿಮದ ಕಿಟಕಿಯ ಕೆಳಗೆ ಭಾಗ್ಯ ಕೂರುತ್ತಿದ್ದ ಮಣೆಯನ್ನು ನೋಡಿದರು.

"ಇಲ್ಲೂ ಪಡುವಣಕ್ಕೇ ಕೂತ್ಕೋತಿದ್ಲಾ? ಕಾಲೇಜಲ್ಲೂ ಹಂಗೇ ಬುಡಣ್ಣ. ಹನ್ನೆರಡು ಹೊಡೀತು ಅಂದ್ರೆ ಆ ತೂತುಗೋಡೆ ಹತ್ರ ಬುತ್ತಿ ಬಿಚ್ಚೋಳು. ರಜಾ ಇರ್ಲಿ, ಪರೀಕ್ಷೆ ಇರ್ಲಿ. ಅಪ್ಪನ ಕಣದ ಗಾಳಿ ಕಣೇ ಇದು ಅನ್ನೋಳು."

"ದಿನಾನೂ ಅಲ್ಲೇನಾ?"

"ಮತ್ತೆಲ್ಲಿ? ಮುಚ್ಚೋವರ್ಗೂ ಅಲ್ಲೇ. ಆಮೇಲೆ ಮೆಟ್ಲು ಕೆಳ್ಗೆ ಪೊರಕೆ ಇಡೋ ಗೂಡಲ್ಲಿ. ಸೆಖೆಗೆ ತುತ್ತು ಇಳೀತಿರ್ಲಿಲ್ಲ." ಗೌರಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡರು. "ಆ ವರ್ಷ ನೀವು ಗಾಳಿ ಅಳೀತಿದ್ರಲ್ಲ, ಅವಾಗ ಅವಳ ಸಡಗರ ನೋಡ್ಬೇಕಿತ್ತು. 'ನಮ್ಮನೆಯವ್ರು ಬರ್ತಾರೆ, ನೀನು ಕೆಳಗೆ ಉಣ್ಣು ಹೋಗು' ಅಂತ ನನ್ನ ಓಡ್ಸ್ಬಿಟ್ಲು. ನಿಮಗೆ ಅಂತ ಎಲೆ ಮಡಿಸಿ ಸುಣ್ಣ ಹಚ್ಚಿ ಇಟ್ಕೊಂಡಿರೋಳು. ಮೂರು ವಾರ, ದಿನಾ. ಚೆನ್ನಾಗಿ ಮಾತಾಡ್ತಿದ್ರಾ ಇಬ್ರೂನು?"

ನಾನು ಹೂಂ ಅಂದೆ. ಅದೂ ಒಂದು ಸುಳ್ಳು ರೀಡಿಂಗ್.

ಅಂದರೆ ಅವಳಿಗೆ ಮೊದಲಿನಿಂದ ಗೊತ್ತಿತ್ತು. ಇಪ್ಪತ್ತೊಂದು ಮಧ್ಯಾಹ್ನ ಆ ಗೋಡೆಯ ಬಳಿ ಕಾದವಳಿಗೆ, ಅಲ್ಲಿಗೆ ಯಾರು ಬರಲಿಲ್ಲ ಎಂದು ನನಗಿಂತ ಚೆನ್ನಾಗಿ ಗೊತ್ತಿತ್ತು. "ಇವರು ಒಂದು ದಿನವೂ ಬಂದಿಲ್ಲ ಸಾರ್" ಎಂದು ಒಂದು ಮಾತು ಅಂದಿದ್ದರೆ ಗೋಡೆ ಉಳಿಯುತ್ತಿತ್ತು. ನನ್ನ ಕೆಲಸ ಉಳಿಯುತ್ತಿರಲಿಲ್ಲ. ಓದಿಲ್ಲದವಳು, ನನಗೇನು ಗೊತ್ತು ಎಂದು ಅವಳು ಅಂದದ್ದು ಅದಕ್ಕೆ. ಉಣ್ಣುವ ಜಾಗ ಬಿಟ್ಟುಕೊಟ್ಟು ಮೆಟ್ಟಿಲ ಕೆಳಗಿನ ಗೂಡಿಗೆ ಹೋದಳು. ಅಷ್ಟಾಗಿಯೂ ಮರುದಿನ ನನ್ನ ಬುತ್ತಿ ಕಟ್ಟಿದಳು. ನನ್ನ ಕ್ರಿಕೆಟ್ಟನ್ನು ಅವಳು ಕ್ಷಮಿಸಿರಬಹುದು. ಕಾಯಿಸಿದ್ದನ್ನು ಕ್ಷಮಿಸಿದಳೇ ಎಂದು ಕೇಳಲು ಈಗ ಫೋಟೋ ಇದೆ, ಅಷ್ಟೆ.

ಓನರಮ್ಮನ ಇಡ್ಲಿಯ ದಿನದ ನಂತರ ಕಿಟಕಿ ತೆಗೆಯುವುದನ್ನು ಕಲಿಯುತ್ತಿದ್ದೇನೆ. ಮೊದಲು ಮುಚ್ಚಳ, ಆಮೇಲೆ ಪಶ್ಚಿಮ, ಆಮೇಲೆ ಅಡುಗೆಮನೆ, ಕೊನೆಗೆ ಪೂರ್ವ. ನಿನ್ನೆ ಟ್ರಂಕಿನಿಂದ ವರದಿ ತೆಗೆದೆ. ನನ್ನ ಹೆಸರಿರುವ ಪುಟದ ಹಿಂಭಾಗ ಖಾಲಿಯಿತ್ತು. ಅಲ್ಲಿ ಮೂರು ಗೆರೆ ಎಳೆದು ಮೇಲೆ ಎಂಟು, ಹನ್ನೆರಡು, ನಾಲ್ಕು ಎಂದೂ ಪಕ್ಕದಲ್ಲಿ ಪೂರ್ವ, ನಡು, ಪಶ್ಚಿಮ ಎಂದೂ ಬರೆದೆ. ಯಂತ್ರವಿಲ್ಲ, ಊದುಬತ್ತಿ ಸಾಕು. ಈ ವಯಸ್ಸಿನಲ್ಲಿ ಇದೇನು ಹುಡುಗಾಟ ಎಂದು ನೀವು ನಗಬಹುದು, ನಗಿ.

ಇವತ್ತು ಹನ್ನೆರಡು ಹೊಡೆಯುವ ಮೊದಲೇ ಬುತ್ತಿಯ ಡಬ್ಬಿಗೆ ಅನ್ನ ಹಾಕಿಕೊಂಡು, ಎರಡು ಎಲೆ ಮಡಿಸಿ, ಅವಳ ಮಣೆಯ ಮೇಲೆ ಪಶ್ಚಿಮದ ಕಿಟಕಿಗೆ ಮುಖ ಮಾಡಿ ಕೂತೆ. ಊದುಬತ್ತಿಯನ್ನು ಮುಚ್ಚಳದ ಪಕ್ಕದ ಸಂದಿಯಲ್ಲಿ ಸಿಗಿಸಿದೆ. ಹೊಗೆ ಒಳಕ್ಕೆ ಬಾಗಿತು, ಪರದೆ ಎದ್ದಿತು, ಅಪ್ಪನ ಕಣದ ಗಾಳಿ ಬಂತು ಎಂದು ಬರೆದರೆ ಈ ಬರಹ ಚೆನ್ನಾಗಿ ಮುಗಿಯುತ್ತಿತ್ತು. ಅಂಥದ್ದನ್ನು ಬರೆಯುವ ಕೈ ನನ್ನದು, ಗೊತ್ತಿದೆ.

ಊದುಬತ್ತಿ ಉರಿದು ಮುಗಿಯುವವರೆಗೆ ಕಾದೆ. ಹೊಗೆ ನೆಟ್ಟಗೆ ಮೇಲೆ ಹೋಯಿತು. ಹನ್ನೆರಡರ ಕೆಳಗೆ, ಪಶ್ಚಿಮ ಎಂಬಲ್ಲಿ, ಸೊನ್ನೆ ಎಂದು ಬರೆದೆ.